ಹಾಲಿನ ಗಡಿಗೆಯ ಸಿಂಪಿ

ನಮ್ಮ ಅವ್ವನ ಅಡುಗೆಮನೆಯಲ್ಲಿ ಒಂದು ಸಿಂಪಿ ಇತ್ತು. ಹಾಲು ಕಾಸಿದ ಗಡಿಗೆಯ ತಳಕ್ಕೆ ಹತ್ತಿದ ಕೆನೆಯನ್ನು ಆ ಚಿಪ್ಪಿನಿಂದ ಕೆರೆದು ನನ್ನ ಅಂಗೈಗೆ ಹಾಕುತ್ತಿದ್ದಳು. ಪೂಜೆ ಮಾಡಿಕೊಂಡು ಬಂದ ಮನೆತನ ನಮ್ಮದು. ಉಳ್ಳಾಗಡ್ಡಿ ಕೂಡ ಒಳಗೆ ಬರುತ್ತಿರಲಿಲ್ಲ. ಸಿಂಪಿಗೆ ಮಾತ್ರ ಯಾವ ಮಡಿಯೂ ಅಡ್ಡ ಬರಲಿಲ್ಲ. ಅದರೊಳಗೆ ಒಂದು ಕಾಲಕ್ಕೆ ಜೀವವಿತ್ತು, ಅದನ್ನು ಯಾರೋ ತಿಂದಿರಬಹುದು ಎಂಬ ವಿಚಾರ ಬೆಟಗೇರಿಯ ಆ ಮನೆಯಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ. ನನಗಂತೂ ಬಂದಿರಲಿಲ್ಲ.

ಮ್ಯಾಟ್ರಿಕ್ ಮುಗಿಸಿದ ಮೇಲೆ ನನಗೆ ಮಾಸ್ತರಿಕೆ ಸಿಕ್ಕಿದ್ದು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದೆವು. ಹೊಳೆಯ ಆಚೆ ದಂಡೆ ಆಗಲೇ ಮೈಸೂರಿಗೆ ಸೇರಿತ್ತು. ಶಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ನಾನೊಬ್ಬನೇ. ಊರಿನವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು; ಜೊತೆಗೆ ಕೂಡುವವರು ಯಾರೂ ಇರಲಿಲ್ಲ. ಸಂಜೆ ಶಾಲೆಗೆ ಕೀಲಿ ಹಾಕಿದ ಮೇಲೆ ನನ್ನ ದನಿಯೇ ನನಗೆ ಮರೆತುಹೋದಂತೆ ಆಗುತ್ತಿತ್ತು.

ನನ್ನ ಜೊತೆ ಕೂತವನು ಅಂಬಿಗನೊಬ್ಬನೇ. ನನ್ನದೇ ವಾರಿಗೆಯವನು, ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ.

"ಎರಡೂ ದಂಡಿ ಒಂದ ರಾಜ್ಯ ಆಗಬೇಕಂತ ಭಾಷಣ ಮಾಡ್ತಾರಲ್ರಿ ಮಾಸ್ತರ, ನನ್ನ ಹರಗೋಲು ದಿನಾ ಅದನ್ನ ಮಾಡಾಕ ಹತ್ತೈತಿ. ಅದಕ್ಕ ಯಾರೂ ಹಾರ ಹಾಕಲಿಲ್ಲ ನೋಡ್ರಿ," ಎನ್ನುತ್ತಿದ್ದ.

ಅವನ ಅಪ್ಪನೂ ಅಂಬಿಗನೇ. ಒಮ್ಮೆ ಕುಡಿದು ಹುಟ್ಟು ಹಾಕಿ, ತುಂಬಿದ ಹೊಳೆಯಲ್ಲಿ ಹರಗೋಲು ಮಗುಚಿ, ಜನರನ್ನೂ ಮುಳುಗಿಸಿ ತಾನೂ ಮುಳುಗಿದ್ದ. ಅಂದಿನಿಂದ ಮಗ ಸೆರೆ ಮುಟ್ಟಿರಲಿಲ್ಲ. ಊರ ಜನ ಅವನ ಹರಗೋಲಿನಲ್ಲಿ ಮಕ್ಕಳನ್ನು ಕೂರಿಸುತ್ತಿದ್ದುದು ಆ ಒಂದು ನಂಬಿಕೆಯ ಮೇಲೆ. ಇದನ್ನು ನನಗೆ ಅವನೇ ಹೇಳಿದ್ದ.

ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ನನಗೆ ಸಿಂಪಿ ಆರಿಸುವುದನ್ನು ಕಲಿಸಿದ. "ಕಣ್ಣಿಲೆ ಹುಡುಕಬ್ಯಾಡ್ರಿ, ಕಾಲಿಲೆ ಹುಡುಕ್ರಿ." ಮೊಣಕಾಲುದ್ದದ ನೀರಿನಲ್ಲಿ ಉಸುಕಿನ ಮೇಲೆ ಪಾದ ಎಳೆಯುತ್ತ ಹೋಗಬೇಕು. ಅಂಗಾಲಿಗೆ ಅಂಚು ಚುಚ್ಚಿದರೆ ಬಗ್ಗಿ ಬೆರಳು ತೂರಿಸಬೇಕು. ಮೊದಮೊದಲು ನನಗೆ ಸಿಕ್ಕಿದ್ದೆಲ್ಲ ಕಲ್ಲು. "ಮಾಸ್ತರು ಗ್ವಾಡಿ ಕಟ್ಟಾಕ ಹೊಂಟಾರ," ಎಂದು ನಗುತ್ತಿದ್ದ.

ತಂದ ಸಿಂಪಿಗಳನ್ನು ರಾತ್ರಿಯೆಲ್ಲ ನನ್ನ ಕೋಣೆಯ ಕೊಳಗದಲ್ಲಿ ನೀರು ತುಂಬಿ ಇಡುತ್ತಿದ್ದೆ. ಹಾಗಿಟ್ಟರೆ ಉಸುಕು ಉಗುಳುತ್ತವೆ. ಮರುದಿನ ದಂಡೆಯ ಮೇಲೆ ಅವನು ಕಲ್ಲಿನ ಒಲೆ ಹೂಡುತ್ತಿದ್ದ. ಕುದಿಯುವ ನೀರಿಗೆ ಹಾಕಿದರೆ ಅವು ಒಂದೊಂದಾಗಿ ಬಾಯಿ ಬಿಡುತ್ತವೆ. "ಬಾಯಿ ಬಿಡದ್ದು ಮೊದಲ ಸತ್ತಿರತೈತ್ರಿ," ಎಂದು ಅಂಥವನ್ನು ಹೊಳೆಗೆ ಎಸೆಯುತ್ತಿದ್ದ. ಉಳಿದವುಗಳ ಮಾಂಸ ಬಿಡಿಸಿ, ತೊಳೆದು, ಉಳ್ಳಾಗಡ್ಡಿ, ಕೆಂಪು ಖಾರ, ಹುಣಸೆಹುಳಿ ಹಾಕಿ ಶೇಂಗಾ ಎಣ್ಣೆಯಲ್ಲಿ ಹುರಿಯುತ್ತಿದ್ದ. ಜೊತೆಗೆ ಅವನ ಮನೆಯ ಕಟಕ ರೊಟ್ಟಿ. ಮೊದಲ ತುತ್ತಿಗೆ ಕಣ್ಣು ಮುಚ್ಚಿದೆ. ಆಮೇಲೆ ಮುಚ್ಚಲಿಲ್ಲ. ರುಚಿಯ ಮಾತು ಬಿಡಿ, ಎದುರಿಗೆ ಇನ್ನೊಬ್ಬ ಕೂತು ಉಣ್ಣುತ್ತಿದ್ದಾನೆ ಎಂಬುದಕ್ಕೇ ನನ್ನ ಹೊಟ್ಟೆ ತುಂಬುತ್ತಿತ್ತು.

ಮುಂದಿನ ಬೇಸಿಗೆಗೆ ಅವ್ವ ನನ್ನ ಜೊತೆ ಇರಲು ಬಂದಳು. ಅಪ್ಪ ತೀರಿಕೊಂಡಿದ್ದರು. ಗಂಟು ಬಿಚ್ಚಿದರೆ ಹಳೆಯ ಸಿಂಪಿ ಒಡೆದಿತ್ತು, ಅವ್ವ ಪೇಚಾಡಿಕೊಂಡಳು. ಅದನ್ನು ಮಾತಿನ ನಡುವೆ ಅಂಬಿಗನಿಗೆ ಹೇಳಿದೆ.

ಅವನು ತಿಕ್ಕಿ ಬೆಳ್ಳಗೆ ಮಾಡಿದ ಸಿಂಪಿಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೇ ಬಂದ. ಅವ್ವನನ್ನು ಮಾತಾಡಿಸಲು ಬಂದ ಊರ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು.

"ಎಷ್ಟು ಛಲೋ ಅದಾವೋ ತಮ್ಮಾ! ಎಲ್ಲಿ ಸಿಕ್ಕವು?" ಎಂದಳು ಅವ್ವ.

"ಹೊಳ್ಯಾಗ್ರಿ ಅವ್ವಾರ. ಒಳಗಿಂದೆಲ್ಲಾ ನಿಮ್ಮ ಮಗಾನ ತಿಂದು ಖಾಲಿ ಮಾಡ್ಯಾರ್ರಿ!"

ಅವನು ಹೆಮ್ಮೆಯಿಂದಲೇ ಅಂದ. ಅಡುಗೆಮನೆಯಲ್ಲಿ ಸಿಂಪಿ ಇಟ್ಟುಕೊಂಡವರು ಒಳಗಿನದನ್ನೂ ಉಣ್ಣುತ್ತಾರೆ ಎಂದು ಪಾಪ ತಿಳಿದಿದ್ದ.

ಅವ್ವ ನನ್ನತ್ತ ತಿರುಗಿದಳು. "ಏನಂತಾನಿಂವ?"

"ಕುಡದಾನವ್ವಾ," ಎಂದೆ. "ಏನರೆ ಬಡಬಡಸ್ತಾನ."

"ಅಪ್ಪನ ಮಗ ಅಲ್ಲೇನ್ರಿ," ಎಂದರು ಹಿರಿಯರೊಬ್ಬರು.

ಅಂಬಿಗ ನನ್ನ ಮುಖ ನೋಡಿದ. ಸಿಂಪಿಗಳನ್ನು ಕಟ್ಟೆಯ ಮೇಲಿಟ್ಟು, ವಸ್ತ್ರ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನೆಟ್ಟಗೆ ನಡೆದುಹೋದ. ಅದನ್ನು ಗಮನಿಸಿದವನು ನಾನೊಬ್ಬನೇ.

ಮಳೆಗಾಲ ಬಂತು, ಹೊಳೆ ತುಂಬಿತು. ಹೊಳೆ ದಾಟಲು ಜನ ಮಕ್ಕಳನ್ನು ಕರೆದುಕೊಂಡು ದೂರದ ಕೆಳಗಿನ ಘಟ್ಟಕ್ಕೆ, ಇನ್ನೊಬ್ಬ ಅಂಬಿಗನ ಹರಗೋಲಿಗೆ ನಡೆದರು. ಯಾಕೆಂದರೆ, "ಮಾಸ್ತರ ಹೇಳ್ಯಾರ." ನನ್ನ ಮಾತಿಗೆ ಊರಿನಲ್ಲಿ ಅಷ್ಟು ಬೆಲೆಯಿತ್ತು. ಅವನ ಹರಗೋಲು ಕೆಲವು ದಿನ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಆಮೇಲೆ ಅದೂ ಇರಲಿಲ್ಲ. ಆಚೆ ದಂಡೆಗೆ, ಹೆಂಡತಿಯ ತವರಿಗೆ ಹೋದನೆಂದರು.

ನಾಡು ಒಂದಾದ ದಿನ ಶಾಲೆಯಲ್ಲಿ ಪೇಢೆ ಹಂಚಿ, ಇನ್ನು ಎರಡೂ ದಂಡೆ ಒಂದೇ ಎಂದು ಭಾಷಣ ಮಾಡಿದೆ. ಅದು ಅವನ ಮಾತು ಎಂದು ನೆನಪಾದದ್ದು ಮಧ್ಯದಲ್ಲಿ. ಮನೆಗೆ ಬಂದಾಗ ಅವ್ವ ಅವನು ತಂದ ಸಿಂಪಿಯಿಂದಲೇ ಗಡಿಗೆ ಕೆರೆಯುತ್ತಿದ್ದಳು. ತಲೆ ಎತ್ತದೆ ಅಂದಳು:

"ಆ ಹುಡುಗ ಅವತ್ತು ಕುಡದಿದ್ದಿಲ್ಲ."

ಅವ್ವನಿಗೆಂದು ತಂದ ಪೇಢೆಯನ್ನು ಕೆಳಗಿಟ್ಟೆ.

"ನಾ ಬಂದ ದಿನಾನ ನಿನ್ನ ಕೊಳಗ ತೊಳದೆ. ತಳದಾಗ ಉಸುಕು, ನಾತ. ಅವತ್ತ ಗೊತ್ತಾತು."

"ಮತ್ತ ಯಾಕ ಅನ್ನಲಿಲ್ಲ?"

"ನೀ ಹೇಳ್ತಿಯೇನಂತ ನೋಡಿದ್ನೆಪಾ."

ಆ ಸಂಜೆ ಕೆನೆಯನ್ನು ನನ್ನ ಅಂಗೈಗೆ ಹಾಕಲಿಲ್ಲ.

ಮರುದಿನವೇ ಕೆಳಗಿನ ಘಟ್ಟಕ್ಕೆ ಹೋದೆ. ಆಚೆಯಿಂದ ಹರಗೋಲು ತಂದವನು ಅವನೇ. ನಾನು ಹತ್ತಿ ಕೂತೆ. ಬುಟ್ಟಿ ಹಿಡಿದ ಆಚೆ ದಂಡೆಯ ಮುದುಕಿಯೊಬ್ಬಳು ನನ್ನನ್ನು ನೋಡಿ, "ಇವರು ಯಾರೋ ಯಪ್ಪಾ?" ಎಂದು ಅವನನ್ನು ಕೇಳಿದಳು.

"ಈ ದಂಡಿ ಮಾಸ್ತರು. ಕುಡಿಯಂಗಿಲ್ಲ, ಖರೇ ಮಾತಿನ ಮನಿಷಾ. ಧೈರ್ಯಲೆ ಕುಂಡ್ರಬೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಳೆ ಅಗಲವಾಗಿತ್ತು. ಹೇಳಲು ಹೊತ್ತಿತ್ತು, ಕೇಳಲು ಜನರಿದ್ದರು. ನಾನು ಬಾಯಿ ಬಿಡಲಿಲ್ಲ. ಮರಳಿ ಬರಲು ಇನ್ನೊಬ್ಬನ ಹರಗೋಲಿಗಾಗಿ ಉಸುಕಿನ ಮೇಲೆ ಒಬ್ಬನೇ ಕಾದು ಕೂತೆ.

ಅವ್ವ ಹೋಗಿ ಬಹಳ ಕಾಲವಾಯಿತು. ಗದಗಿನ ಈ ಮನೆಯಲ್ಲಿ ನನಗೊಬ್ಬನಿಗೆ ಬೇಕಾದಷ್ಟು ಹಾಲು ಕಾಸುತ್ತೇನೆ. ಸ್ಟೀಲಿನ ಪಾತ್ರೆಗೆ ಸಿಂಪಿ ಬೇಕಿಲ್ಲ. ಆದರೂ ಅದರಿಂದಲೇ ಕೆರೆಯುತ್ತೇನೆ. ಇದನ್ನು ಓದುವವರಲ್ಲಿ ಆ ಘಟ್ಟದ ಕಡೆಯವರು ಯಾರಾದರೂ ಇದ್ದರೆ ತಮ್ಮ ಮನೆಯ ಹಿರಿಯರಿಗೆ ಹೇಳಲಿ: ಅಂಬಿಗ ಅವತ್ತು ಕುಡಿದಿರಲಿಲ್ಲ. ಸಿಂಪಿ ತಿಂದವನು ನಾನು.