ಕಲ್ಯಾಣಿ ಸಿಸ್ಟರ್ ತಪ್ಪು ಹೇಳಿದ ಬಸಿರು

ಗಬ್ಬೂರಿನ ಕಲ್ಯಾಣಿ ಸಿಸ್ಟರ್ ಮೂವತ್ತನಾಲ್ಕು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಿಯಾದಾಗ ಇಲಾಖೆಯವರು ಒಂದು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಇನ್ನು ಆರಾಮಾಗಿರಿ ಎಂದರು. ಆರಾಮಾಗಿರುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ. ಕೂಲಿಯವರ ಮನೆಯಲ್ಲಿ ಹುಟ್ಟಿ, ತನ್ನ ಓಣಿಗೆ ಮೊದಲು ಸರಕಾರಿ ಸಂಬಳ ತಂದವಳು. ಗಂಡಸರ ಮುಖ ನೋಡಿಯೇ ನಿರೋಧ್ ಬಳಸುವ ಬಗೆ ಹೇಳುತ್ತಿದ್ದಳು. ನೆಲ ನೋಡುತ್ತಿದ್ದವರು ಗಂಡಸರು. ಹೆಂಗಸು ಹೊಸ್ತಿಲು ದಾಟುವುದರೊಳಗೆ ಬಸಿರು ಹೌದೋ ಅಲ್ಲವೋ ಹೇಳುತ್ತಾಳೆ ಎಂಬ ಹೆಸರಿತ್ತು. ಆ ಹೆಸರನ್ನು ಶಾಲಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು.

ನಿವೃತ್ತಿಯಾದ ಮೂರನೇ ತಿಂಗಳು ಶಿವಗಂಗಾ ಆಕೆಯ ಮನೆಗೆ ಬಂದಳು. ಊರಿನ ದೊಡ್ಡ ಒಕ್ಕಲು ಮನೆಯ ಸೊಸೆ, ಮದುವೆಯಾಗಿ ಎರಡು ವರ್ಷ. ಗಂಡ ಶಿವರಾಜ ಮಾನ್ವಿಯಲ್ಲಿ ಸೋದರಮಾವನ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಶನಿವಾರ ಬರುತ್ತಿದ್ದ, ಸೋಮವಾರ ಹೋಗುತ್ತಿದ್ದ.

"ಉರಿ ಅದ್ರಿ ಸಿಸ್ಟರ್," ಎಂದಳು.

"ಎಲ್ಲಿ?"

ಶಿವಗಂಗಾ ಕೈಯಲ್ಲಿದ್ದ ಚೀಲವನ್ನು ಮಡಿಲಿಗೆ ಒತ್ತಿಕೊಂಡಳು. ಎಲ್ಲಿ ಎನ್ನುವುದು ಸಿಸ್ಟರ್‌ಗೆ ತಿಳಿಯಿತು, ಯಾಕೆ ಎನ್ನುವುದು ತಿಳಿಯಲಿಲ್ಲ. ಎರಡು ಸಲ ಕೇಳಿದ ಮೇಲೆ ಹುಡುಗಿ ಚೀಲದಿಂದ ಪೇಪರಿನಲ್ಲಿ ಸುತ್ತಿದ ಸಾಮಾನೊಂದನ್ನು ತೆಗೆದು ಮಂಚದ ಮೇಲಿಟ್ಟಳು. ಗುಲಾಬಿ ಬಣ್ಣ, ಅಂಗೈಯಷ್ಟು ಉದ್ದ, ಮುಟ್ಟಿದರೆ ಅಂಟು ಅಂಟು. ಹೊಸ ರಬ್ಬರ್ ಚಪ್ಪಲಿಯ ವಾಸನೆ. ಗುಂಡಿ ಒತ್ತಿದರೆ ಗುಂಯ್ ಎಂದಿತು.

"ಏನಿದು?"

"ದೊಡ್ಡೋರ ಆಟಿಗಿ ಅಂತಾರ್ರಿ. ಇಬ್ಬರೂ ಕೂಡೇ ಮೊಬೈಲ್‌ನಾಗ ನೋಡಿ ತರಿಸಿದ್ವಿ. ವಾರಪೂರ್ತಿ ಅವರು ಅಲ್ಲಿ, ನಾ ಇಲ್ಲಿ."

ಕಲ್ಯಾಣಿ ಸಿಸ್ಟರ್‌ಗೆ ನಾಚಿಕೆ ಆಗಲಿಲ್ಲ. ತನಗಿದು ಗೊತ್ತಿಲ್ಲವಲ್ಲ ಎಂದು ಅವಮಾನವಾಯಿತು. ಮಕ್ಕಳಾಗದಂತೆ ಏನು ಮಾಡಬೇಕು, ಮಕ್ಕಳಾದರೆ ಏನು ಮಾಡಬೇಕು ಎಂದು ನೂರು ತರಬೇತಿ ಕೊಟ್ಟ ಇಲಾಖೆ, ಇವೆರಡರ ನಡುವೆ ಹೆಂಗಸಿಗೆ ಸುಖ ಎಂಬುದೊಂದು ಇದ್ದೀತು ಎಂದು ಒಮ್ಮೆಯೂ ಹೇಳಿರಲಿಲ್ಲ.

"ಏನ್ ಹಾಕಿ ತೊಳಿತಿ?"

"ಫಿನಾಯಿಲ್ ಎರಡು ಹನಿ."

"ಎಲ್ಲಿ ಇಡ್ತಿ?"

"ಸೀರಿ ಟ್ರಂಕಿನಾಗ. ನುಸಿಗುಳಿಗಿ ಜೋಡಿ."

"ಹಚ್ಕೊಳ್ಳಾಕ?"

"ಶೇಂಗಾ ಎಣ್ಣಿ."

ಸಿಸ್ಟರ್ ಕಣ್ಣು ಮುಚ್ಚಿ ತೆರೆದಳು. "ಒಗ್ಗರಣಿ ಒಂದ ಕಡಿಮಿ ಆಗ್ಯದ ನೋಡವ್ವಾ," ಎಂದಳು.

ಮರುದಿನ ಸಿಸ್ಟರ್ ಶಿವಗಂಗಾಳ ಅತ್ತೆ ಬಸವಂತಮ್ಮನಿಗೆ ಹೊಟ್ಟೆನೋವಿನ ನೆಪ ಹೇಳಿ ಸೊಸೆಯನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಅಲ್ಲಿ ಹೆಂಗಸರ ಡಾಕ್ಟರ್ ಅಂಬಿಕಾ ಆಕೆಗೆ ಹಳೆಯ ಪರಿಚಯ. ಡಾಕ್ಟರ್ ಪರೀಕ್ಷೆ ಮಾಡಿ, ಮುಲಾಮು ಬರೆದುಕೊಟ್ಟು, ಗುಲಾಬಿ ಸಾಮಾನನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು.

"ಇಂಥಾ ಅಗ್ಗದ ರಬ್ಬರ್‌ನಾಗ ಕಣ್ಣಿಗಿ ಕಾಣಲಾರದ ತೂತು ಇರ್ತಾವರಿ. ಎಷ್ಟು ತೊಳೆದ್ರೂ ಕೊಳಿ ಒಳಗ ಕುಂದರ್ತದ. ವಾಸನಿ ಬಂದ್ರ ತಗೋಬಾರ್ದು. ದೇಹಕ್ಕ ಒಗ್ಗುವ ಸಿಲಿಕೋನ್ ಅಂತ ಬರೆದಿರಬೇಕು. ಹಚ್ಚಾಕ ನೀರಿನ ಜೆಲ್, ಮೆಡಿಕಲ್ ಶಾಪ್‌ನಾಗ ಸಿಗ್ತದ. ಎಣ್ಣಿ ಬ್ಯಾಡ, ಎಣ್ಣಿ ತಾಗಿದ್ರ ನಿರೋಧ್ ಸೈತ ಹರಿತದ."

ಸಿಸ್ಟರ್ ಚೀಲದಿಂದ ನೋಟ್‌ಬುಕ್ ತೆಗೆದು ಎಲ್ಲ ಬರೆದುಕೊಂಡಳು. ಇಷ್ಟು ವರ್ಷದ ಚಟ.

"ನೀವ ಹೇಳ್ರಿ ಹಳ್ಳ್ಯಾಗ," ಎಂದರು ಡಾಕ್ಟರ್. "ನನ್ನ ಹಂತ್ಯಾಕ ಬರೂದ್ರಾಗ ಎಲ್ಲಾ ಕೆಟ್ಟಿರ್ತದ."

ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತ ಇಬ್ಬರೂ ಮೊಬೈಲಿನಲ್ಲಿ ಹೊಸದನ್ನು ಆರಿಸಿದರು. ಬಳೆ ಆರಿಸುವಾಗಿನಷ್ಟೇ ಹೊತ್ತು ಹಿಡಿಯಿತು. ಶಿವಗಂಗಾ ದೊಡ್ಡದೊಂದನ್ನು ತೋರಿಸಿದಳು. "ಮೊದಲು ಸಣ್ಣದರಿಂದ ಸುರು ಮಾಡು. ಅದರ ಮ್ಯಾಗ ಎಂಟು ಗುಂಡಿ ಅವ. ಮನ್ಯಾಗಿನ ಮಿಕ್ಸರ್‌ಗೇ ಮೂರು ಸಾಕಾಗ್ಯಾವ," ಎಂದಳು ಸಿಸ್ಟರ್. ಪಾರ್ಸೆಲ್ಲು ತನ್ನ ಮನೆಗೇ ಬರುವಂತೆ ವಿಳಾಸ ಹಾಕಿಸಿದಳು. ನಿವೃತ್ತ ನರ್ಸಿಗೆ ಬಂದ ಡಬ್ಬಿಯನ್ನು ಯಾರೂ ಅನುಮಾನಿಸುವುದಿಲ್ಲ.

ಹದಿನೈದು ದಿನದಲ್ಲಿ ಉರಿ ವಾಸಿಯಾಯಿತು, ಡಬ್ಬಿಯೂ ಬಂತು. ಮಧ್ಯಾಹ್ನ ಅತ್ತೆ ಮಲಗಿರುವ ಹೊತ್ತು ನೋಡಿ ಸಿಸ್ಟರ್ ಅವರ ಮನೆಗೆ ಹೋಗಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಡಬ್ಬಿಯನ್ನು ಶಿವಗಂಗಾಳ ಕೈಗಿಟ್ಟು, ದನಿ ತಗ್ಗಿಸಿ ಹೇಳಿಕೊಟ್ಟಳು. ಆದರೆ ಸಾವಿರಾರು ಬಾಣಂತಿಯರಿಗೆ ಪಾಠ ಹೇಳಿದ ಗಂಟಲು ತಗ್ಗುವುದಾದರೂ ಎಷ್ಟು. ಬಸವಂತಮ್ಮ ನಿದ್ದೆ ಬಾರದೆ ನೀರು ಕುಡಿಯಲು ಎದ್ದವಳು ಬಾಗಿಲ ಹಿಂದೆ ನಿಂತಳು.

"ಉಗುರುಬೆಚ್ಚಗಿನ ನೀರು. ಕೂಸಿನ ಸೋಪು ಬರ್ತದಲ್ಲ, ವಾಸನಿ ಇಲ್ಲದ್ದು, ಅದಾ ಚಲೋ. ಮೆತ್ತನ್ನ ಹತ್ತಿ ಅರಿವಿಲೆ ಒರಸು. ಒದ್ದಿ ಉಳೀಬಾರ್ದು. ಅರಿವಿ ಚೀಲದಾಗ ಬ್ಯಾರೇನ ಮಲಗಿಸು. ಯಾರ ಕೈಯಾಗೂ ಕೊಡಬ್ಯಾಡ, ಗೆಳತ್ಯಾರು ಕೇಳಿದ್ರೂ ಇಲ್ಲ. ನೋವು ಅನ್ಸಿದ್ರ ಅಲ್ಲೇ ನಿಲ್ಲಿಸಿ ನನಗ ಹೇಳು."

ಚಾರ್ಜ್ ಹಾಕುವ ಮೊದಲು ಪೂರ್ತಿ ಒಣಗಿರಬೇಕು ಎಂದದ್ದನ್ನು ಬಸವಂತಮ್ಮ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಆಕೆ ದೇವರ ಮನೆಯಲ್ಲಿದ್ದಳು.

ಸೊಸೆಯನ್ನು ಸಿಸ್ಟರ್ ರಾಯಚೂರಿಗೆ ಕರೆದೊಯ್ದದ್ದು, ಗುಟ್ಟಾಗಿ ಡಬ್ಬಿ ತಂದುಕೊಟ್ಟದ್ದು, ಕೂಸಿನ ಸೋಪು: ಎಲ್ಲ ಕೂಡಿಬಂತು. ಸಂಜೆಯೊಳಗೆ ಓಣಿಗೆ ಸಕ್ಕರೆ ಹಂಚಿದ್ದಾಯಿತು. ಮರುದಿನ ಸಿಸ್ಟರ್‌ಗೆ ಕರೆ ಬಂತು. ಮೂವತ್ತನಾಲ್ಕು ವರ್ಷ ಆಕೆಗೆ ಆ ಮನೆಯವರು ಕಟ್ಟೆಯ ಮೇಲೆ, ಬೇರೆಯಾಗಿಟ್ಟ ಸ್ಟೀಲ್ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಅಂದು ಬಸವಂತಮ್ಮ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು, ಮನೆಯವರ ಕಪ್ಪಿನಲ್ಲೇ ಚಹಾ ಕೊಟ್ಟಳು.

"ಎಷ್ಟನೇ ತಿಂಗಳ್ರಿ ಸಿಸ್ಟರ್? ನಮಗ ಹೇಳಲಿಲ್ಲಲ್ಲ ನೀವು."

ಒಲೆಯ ಹತ್ತಿರ ನಿಂತಿದ್ದ ಶಿವಗಂಗಾಳ ಮುಖ ಬಿಳಿಚಿಕೊಂಡಿತ್ತು. ಬಸಿರಿಲ್ಲ ಎಂದರೆ, ಹಾಗಾದರೆ ಒರೆಸಿ ಮಲಗಿಸುವುದು ಏನನ್ನು ಎಂಬ ಮಾತು ಬರುತ್ತದೆ. ಸಿಸ್ಟರ್ ಚಹಾ ಪೂರ್ತಿ ಕುಡಿದಳು. ಅವಸರ ಮಾಡಲಿಲ್ಲ, ಆ ಕಪ್ಪಿನ ಚಹಾ ಮತ್ತೆ ಸಿಗುವುದು ಕಷ್ಟ ಎಂದು ಗೊತ್ತಿತ್ತು. ಆಮೇಲೆ ಹೇಳಿದಳು.

"ತಪ್ಪು ನಂದ್ರಿ. ಎರಡು ತಿಂಗಳು ಅಂತ ನಾನಾ ಹೇಳಿದೆ. ಹುಡುಗಿ ನಂಬಿದ್ಲು. ನಿನ್ನಿ ರಾತ್ರಿ ರಾಯಚೂರು ಡಾಕ್ಟರ್ ಫೋನ್ ಮಾಡಿದ್ರು, ಬಸಿರಲ್ಲ ಅಂದ್ರು. ವಯಸ್ಸಾತು, ಕೈ ತಪ್ಪಾಕತ್ತಾವ."

ಬಸವಂತಮ್ಮ ಖಾಲಿ ಕಪ್ಪನ್ನು ಎತ್ತಿಕೊಂಡಳು. "ಸಕ್ಕರಿ ಹಂಚೀನಲ್ರಿ," ಎಂದಳು. ಬಾಗಿಲತನಕ ಬಂದು ಕಳಿಸಲೂ ಇಲ್ಲ.

ಊರಿಗೆ ಸುದ್ದಿ ಹಬ್ಬಲು ಒಂದು ದಿನ ಸಾಕಾಯಿತು. ಸಿಸ್ಟರ್‌ಗೆ ಕಣ್ಣು ಮಂಜಾಗಿದೆ ಎಂದರು ಕೆಲವರು. ರಿಟೈರ್ ಆದ ಮೇಲೆ ತಲೆ ನಿಲ್ಲುವುದಿಲ್ಲ ಎಂದರು ಕೆಲವರು. ಆಕೆಯ ಕೈಯಲ್ಲೇ ಹೆರಿಗೆಯಾಗಿದ್ದ ಪಕೀರಮ್ಮ ತನ್ನ ಬಸುರಿ ಮಗಳನ್ನು ತೋರಿಸಲು ಆಕೆಯ ಮನೆಯ ಮುಂದಿನಿಂದಲೇ ದೇವದುರ್ಗದ ಆಸ್ಪತ್ರೆಗೆ ಹೋದಳು. ಅದು ಮಾತ್ರ ಸಿಸ್ಟರ್‌ಗೆ ಚುಚ್ಚಿತು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಜೀವಮಾನದಲ್ಲಿ ಒಂದೂ ತಪ್ಪು ಹೇಳದವಳಿಗೆ, ಹೇಳದೇ ಇದ್ದ ಒಂದು ಮಾತಿನಿಂದ ಕೆಟ್ಟ ಹೆಸರು ಬಂತು.

ಶಿವಗಂಗಾ ಬಂದು ಅತ್ತಳು. "ನಾ ಖರೇ ಹೇಳಿಬಿಡ್ತೀನ್ರಿ."

"ಹೇಳಿ? ನಿನ್ನ ಸಾಮಾನೂ ಹೋಗ್ತದ, ಮೊಬೈಲೂ ಹೋಗ್ತದ. ನನಗ ಪಿಂಚಣಿ ಅದ, ಹೆಸರು ಹೋದ್ರ ನಡೀತದ. ತೊಳ್ಯಾಕತ್ತಿಯಿಲ್ಲ ಬರೋಬ್ಬರಿ?"

"ತೊಳ್ಯಾಕತ್ತೀನ್ರಿ."

ಹುಡುಗಿ ಅತ್ತೆಗೆ ಹೇಳಲಿಲ್ಲ, ಮಾನ್ವಿಯಲ್ಲಿ ಶಾಲೆ ಟೀಚರ್ ಆಗಿದ್ದ ಗೆಳತಿ ಮೇಘಾಗೆ ಹೇಳಿದಳು. ಮೇಘಾ ಇನ್ನಿಬ್ಬರಿಗೆ ಹೇಳಿದಳು. ತಿಂಗಳೊಳಗೆ ಸಿಸ್ಟರ್‌ಗೆ ಫೋನು ಬರಲು ಸುರುವಾಯಿತು. ಯಾರೂ ವಿಷಯ ಹೇಳುತ್ತಿರಲಿಲ್ಲ, ಸ್ವಲ್ಪ ಮಾತಾಡೂದಿತ್ರಿ ಎನ್ನುತ್ತಿದ್ದರು. ಒಬ್ಬಳು ಮೋಟಾರು ಇರುವುದನ್ನೇ ನೀರಿನಲ್ಲಿ ಕುದಿಸಿ ಕೆಡಿಸಿದ್ದಳು. ಇನ್ನೊಬ್ಬಳು ಗಂಡನಿಗೆ ಹೇಗೆ ಹೇಳುವುದೆಂದು ಕೇಳಿದಳು. ಅದಕ್ಕೆ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ. ಊಟ ಆದ ಮ್ಯಾಲ ಹೇಳು, ಹಸಿದಾಗ ಬ್ಯಾಡ ಎಂದಳು ಸಿಸ್ಟರ್.

ಮುಂದಿನ ವರ್ಷ ಶಿವಗಂಗಾ ನಿಜವಾಗಿ ಬಸಿರಾದಳು. ಸಂತೆಯಲ್ಲಿ ಅವಳು ಬದನೆಕಾಯಿ ಆರಿಸುತ್ತ ನಿಂತ ಬಗೆ ನೋಡಿಯೇ ಸಿಸ್ಟರ್‌ಗೆ ಗೊತ್ತಾಯಿತು, ಆ ಮನೆಯವರಿಗಿಂತ ಹತ್ತು ದಿನ ಮೊದಲೇ. ಬಸವಂತಮ್ಮ ಪಕ್ಕದಲ್ಲೇ ಇದ್ದಳು. ಸಿಸ್ಟರ್ ಒಂದು ಮಾತೂ ಆಡದೆ ಟೊಮ್ಯಾಟೊ ತೂಗಿಸಿಕೊಂಡು ಮಾನ್ವಿ ಬಸ್ಸಿಗೆ ನಡೆದಳು. ಅಲ್ಲಿ ಮೇಘಾಳ ಮನೆಯಲ್ಲಿ, ಸ್ವಲ್ಪ ಮಾತಾಡೂದಿತ್ರಿ ಎಂದಿದ್ದ ನಾಲ್ಕು ಹೆಂಗಸರು ಕಾಯುತ್ತಿದ್ದರು.