ಎಡಕ್ಕೆ ತಿರುಗುವ ಮೆಟ್ಟಿಲು

ಕಾರ್‌ಹೋಪ್ ಕೋಟೆಯನ್ನು ಇಂಗ್ಲೆಂಡಿನ ಗಡಿಯಲ್ಲಿ ಕಟ್ಟಿಸಿದ ಒಡೆಯರು ಹೋಗಿ ಎಷ್ಟೋ ಕಾಲವಾಯಿತು. ಅದರ ಒಡತಿ ತಾನೇ ಎಂಬಂತೆ ಮೆರೆದವಳು ಎಫಿ. ಕುರಿ ಕಾಯುವವನ ಹಿರಿಮಗಳು. ಯಾವ ಒಡೆಯ ಯಾರ ದನ ಕದ್ದ, ಇಂಗ್ಲಿಷರು ಯಾವ ಗೋಡೆಗೆ ಬೆಂಕಿ ಇಟ್ಟರು ಎಂಬುದನ್ನೆಲ್ಲ ಕೋಟೆ ನೋಡಲು ಬಂದವರಿಗೆ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು.

ಜನ ಹೆಚ್ಚು ಮೆಚ್ಚುತ್ತಿದ್ದದ್ದು ಮೆಟ್ಟಿಲ ಕಥೆಯನ್ನು. ಬೇರೆ ಕೋಟೆಗಳ ಸುತ್ತುಮೆಟ್ಟಿಲು ಬಲಕ್ಕೆ ತಿರುಗಿದರೆ ಇಲ್ಲಿಯದು ಎಡಕ್ಕೆ. ಒಡೆಯರು ಎಡಚರಂತೆ, ಮೇಲಿನಿಂದ ಎಡಗೈಯಲ್ಲಿ ಕತ್ತಿ ಬೀಸಲು ಹಾಗೆ ಕಟ್ಟಿಸಿದರಂತೆ. ಆ ಸೀಮೆಯಲ್ಲಿ ಎಡಚರನ್ನು ಇಂದಿಗೂ 'ಕಾರ್‌ಹೋಪ್ ಕೈಯವರು' ಎನ್ನುತ್ತಾರೆ.

ಎಫಿಯ ತಂಗಿ ನೆಟ್ಟಾ ಕಾರ್‌ಹೋಪ್ ಕೈಯವಳು. ಕೋಟೆಯ ಚಹಾದಂಗಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ದಿನ ಎಫಿ ಜನರಿಗೆ ತೋರಿಸಲೆಂದು ಬಲಗೈಯಲ್ಲಿ ಮರದ ಕತ್ತಿ ಬೀಸಲು ಹೋಗಿ ಮೆಟ್ಟಿಲ ನಡುಗಂಬಕ್ಕೆ ಬಡಿದುಕೊಂಡಾಗ, ಚಹಾ ತಂದಿದ್ದ ನೆಟ್ಟಾ ನಕ್ಕುಬಿಟ್ಟಳು.

"ಕೊಡೇ ಇಲ್ಲಿ. ಬಲಗೈಯೋರ ಕೆಲಸ ಅಲ್ಲ ಇದು."

ಎಡಗೈಯಲ್ಲಿ ಕತ್ತಿ ಹಿಡಿದು ಸರಸರನೆ ಇಳಿದಳು. ಜನ ಚಪ್ಪಾಳೆ ತಟ್ಟಿದರು. ಕೋಟೆಯ ಮೇಲ್ವಿಚಾರಕ ರಾಬ್ಸನ್ ಅದನ್ನು ನೋಡಿದ.

"ಎಫಿ, ಕೆನಡಾದಿಂದ ಒಡೆಯರ ಮನೆತನದೋರು ಬರ್ತಿದಾರೆ. ಮೆಟ್ಟಿಲ ಕಥೆ ಇನ್ಮೇಲೆ ನೆಟ್ಟಾನೇ ಹೇಳ್ಲಿ."

ಎಫಿಯ ಹೊಟ್ಟೆಗೆ ಕೆಂಡ ಬಿತ್ತು. ಕೆಂಡ ಹೊಸದಲ್ಲ. ಚಿಕ್ಕಂದಿನಲ್ಲಿ ನೆಟ್ಟಾ ಎಡಗೈಯಲ್ಲಿ ಬರೆದಳೆಂದು ಮೇಷ್ಟ್ರು ಚರ್ಮದ ಪಟ್ಟಿಯಲ್ಲಿ ಬಾರಿಸಿದಾಗ, ಅವಳ ಅಂಗೈಗೆ ಬೆಣ್ಣೆ ಸವರುತ್ತ ಅಪ್ಪ ಹೇಳಿದ್ದ: "ಅಳ್ಬೇಡ ಪುಟ್ಟಿ, ಕೋಟೆಯೋರ ಕೈ ಇದು. ನಿನ್ನ ಮೈಯಲ್ಲಿ ಅವರ ರಕ್ತ ಐತೆ." ದುಂಡಗೆ ಬರೆದು ಮೇಷ್ಟ್ರಿಂದ ಶಹಬಾಸ್ ಪಡೆದು ಬಂದ ಎಫಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ತಲೆ ಎತ್ತಲೇ ಇಲ್ಲ. ಕೋಟೆಯ ಇತಿಹಾಸವನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದು ಆಮೇಲೆ.

ಕೆನಡಾದವರು ಬಂದರು. ನೆಟ್ಟಾ ಕೂದಲು ಬಾಚಿ, ಒಳ್ಳೆಯ ಬೂಟು ಹಾಕಿ, ಕತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಎಫಿಯ ದನಿ ಕೇಳಿಸಿತು.

"ಎಡಗೈಯೂ ಇಲ್ಲ, ಗಿಡಗೈಯೂ ಇಲ್ಲ. ಪಾಯದಲ್ಲಿ ಬಂಡೆ ಅಡ್ಡ ಬಂತು, ಮೇಸ್ತ್ರಿ ಎಡಕ್ಕೆ ತಿರುಗಿಸಿದ. ಹೋದ ವರ್ಷ ಅಗೆದು ನೋಡಿದೋರೇ ನಂಗೆ ಹೇಳಿದ್ದು. ಒಡೆಯರೆಲ್ಲ ನಮ್ಮ ನಿಮ್ಮ ಹಾಗೆ ಬಲಗೈಲೇ ಉಣ್ತಿದ್ರು."

ಒಂದು ವರ್ಷ ಆ ಮಾತನ್ನು ನುಂಗಿಕೊಂಡು ಅದೇ ಕಥೆ ಹೇಳಿಕೊಂಡು ಬಂದವಳು ಅವಳೇ. ಕೆನಡಾದವರು ಮುಖ ಮುಖ ನೋಡಿಕೊಂಡರು. ರಾಬ್ಸನ್ ಕೆಮ್ಮಿ ಅವರನ್ನು ಚಹಾಕ್ಕೆ ಕರೆದೊಯ್ದ.

ನೆಟ್ಟಾ ಇಳಿದು ಬಂದು ಕತ್ತಿಯನ್ನು ಅಕ್ಕನ ಕೈಗಿಟ್ಟಳು. ಅವಳಿಗೆ ಸಿಟ್ಟು ಬಂದಂತಿರಲಿಲ್ಲ. ಎಫಿಗೆ ಅದನ್ನೇ ಸಹಿಸಲಾಗಲಿಲ್ಲ.

"ಬಾಯಿ ಬಿಡೇ! ಅಪ್ಪ ಹೇಳಿದ್ದೂ ಸುಳ್ಳು ಅಂತ ಗೊತ್ತಾಯ್ತಲ್ಲ ಈಗ?"

"ಅವತ್ತೇ ಗೊತ್ತಿತ್ತು ಎಫಿ. ಕುರಿ ಕಾಯೋನ ಮಗಳಿಗೆ ಒಡೆಯರ ರಕ್ತ ಎಲ್ಲಿಂದ ಬರತ್ತೆ? ಕೈ ಉರೀತಿತ್ತು. ಸಮಾಧಾನಕ್ಕೆ ಅಂತ ಅಪ್ಪ ಕಟ್ಟಿ ಹೇಳ್ದ, ಪಾಪ. ನಂಬ್ದೋಳ ಹಾಗೆ ಅಳು ನಿಲ್ಲಿಸ್ದೆ."

ನೆಟ್ಟಾ ಪಾತ್ರೆ ತೊಳೆಯಲು ಹೋದಳು. ಎಫಿ ಕತ್ತಿ ಹಿಡಿದು ಅಲ್ಲೇ ನಿಂತಳು. ಅಷ್ಟು ಸಣ್ಣ ಸುಳ್ಳನ್ನಾದರೂ ಅಪ್ಪ ತನಗಾಗಿ ಒಮ್ಮೆ ಕಟ್ಟಿ ಹೇಳಲಿಲ್ಲವಲ್ಲ ಎಂದು ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.