ಕಾಲ್ಗುಣದ ಮಗು

ಮಕ್ಕಳಿಲ್ಲದ ಮನೆಯಲ್ಲಿ ಬೇರೆಯವರ ಮಗು ಆಡಿಕೊಂಡಿದ್ದರೆ ಆ ಮನೆಯವಳ ಮಡಿಲೂ ತುಂಬುತ್ತದೆ ಎಂದು ನನ್ನ ತಾಯಿಯ ತಾಯಿ, ಅಜ್ಜಿ, ನಂಬಿದ್ದಳು. ನಂಬಿಕೊಂಡು ತೆಪ್ಪಗಿರಬಹುದಿತ್ತು. ಎಪ್ಪತ್ತರ ದಶಕದಲ್ಲಿ, ನನಗೆ ಹಾಲು ಬಿಡಿಸುತ್ತಿದ್ದ ಹಾಗೇ, ಯಶವಂತಪುರದ ನಮ್ಮ ವಠಾರದಿಂದ ನನ್ನನ್ನು ಎತ್ತಿಕೊಂಡು ಹೋಗಿ ಅಟ್ಟೂರಿನ ದೊಡ್ಡಮ್ಮನ ಮಡಿಲಿಗೆ ಹಾಕಿ ಬಂದಳು. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅಕ್ಕನ ಕಣ್ಣೀರು ನೋಡಲಾಗುತ್ತಿರಲಿಲ್ಲ, ಅದಕ್ಕೇ ಒಪ್ಪಿದೆ ಎಂದು ತಾಯಿ ಈಗಲೂ ಹೇಳುತ್ತಾಳೆ. ನನ್ನ ಕಣ್ಣೀರನ್ನು ಯಾರು ನೋಡಿದರೋ, ನನಗಂತೂ ಗೊತ್ತಿಲ್ಲ.

ನನಗೆ ನೆನಪಿರುವುದು ದೊಡ್ಡಮ್ಮ ಮಾತ್ರ. ಹಸುವಿಗೆ ಹುಲ್ಲು ಹಾಕುವಾಗಲೂ ಅವಳ ಸೊಂಟದ ಮೇಲೆ ನಾನಿರಬೇಕು. ಮುದ್ದೆಯನ್ನು ಚೂರು ಚೂರೇ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಅವಳ ಸೆರಗು ಕೈಯಲ್ಲಿಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವಳೇ ಅಮ್ಮ. ಹಬ್ಬಕ್ಕೆ ಬಸ್ಸಿಳಿದು ಬರುತ್ತಿದ್ದ ನನ್ನ ಹೆತ್ತವಳು ಬಿಸ್ಕತ್ತು ತರುವ ಚಿಕ್ಕಮ್ಮ, ಅಷ್ಟೇ.

ನನಗೆ ನಾಲ್ಕು ತುಂಬುವ ಹೊತ್ತಿಗೆ ದೊಡ್ಡಮ್ಮ ಬಸುರಾದಳು. ಊರೆಲ್ಲ ನನ್ನ ಕಾಲ್ಗುಣವನ್ನು ಹೊಗಳಿತು. ಹೊಗಳಿದ್ದೇ ತಡ, ನನ್ನ ಬಟ್ಟೆ ಗಂಟು ಕಟ್ಟಿದರು.

“ಬಸ್ರಿ ಎಂಗ್ಸು, ಇದನ್ನೂ ಎತ್ಕೊಂಡು ಎಂಗ್ ತಿರ್ಗ್ತಾಳೆ? ಬಂದ ಕೆಲ್ಸ ಆಯ್ತಲ್ಲ,” ಎಂದಳು ಅಜ್ಜಿ.

ಬಂದ ಕೆಲಸವಂತೆ. ಕೂಲಿಯಾಳಿಗಾದರೂ ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸುತ್ತಾರೆ. ನಾನು ಅತ್ತರೆ ಬಸುರಿಗೆ ಸಂಕಟವಾಗುತ್ತದೆಂದು ದೊಡ್ಡಮ್ಮನನ್ನು ಒಳಗೆ ಕೂರಿಸಿ, ಬಸ್ಸು ತೋರಿಸ್ತೀನಿ ಬಾ ಎಂದು ನನ್ನ ತಂದೆ ನನ್ನನ್ನು ಹೊರಗೆ ಎತ್ತಿಕೊಂಡು ಹೋದ. ಆ ಬಸ್ಸಿನಲ್ಲೇ ಯಶವಂತಪುರಕ್ಕೆ ಕರೆತಂದ. ನಾನು ಮರೆಯುವವರೆಗೆ ಈ ಕಡೆ ತಲೆ ಹಾಕಬಾರದೆಂದು ದೊಡ್ಡಮ್ಮನಿಗೆ ಕಟ್ಟುನಿಟ್ಟು ಮಾಡಿದರು.

ಮೊದಮೊದಲು ಗಂಟಲು ಹರಿಯುವಂತೆ ಅತ್ತೆ. ವಠಾರದ ಬಾಗಿಲಲ್ಲಿ ಯಾವ ಹೆಂಗಸಿನ ನೆರಳು ಬಿದ್ದರೂ ಎದ್ದು ಓಡುತ್ತಿದ್ದೆ. ಬರುಬರುತ್ತಾ ಅಳು ನಿಂತಿತು, ಅದರ ಜೊತೆಗೆ ಮಾತೂ ನಿಂತಿತು. ಹಾಸಿಗೆ ಒದ್ದೆಯಾಗತೊಡಗಿತು, ಅದಕ್ಕೆ ಏಟು ಬಿತ್ತು.

“ಎಷ್ಟು ಸಾಧು ಮಗು ಕಣ್ರೀ, ಕೂರ್ಸಿದ್ ಕಡೆ ಕೂತಿರುತ್ತೆ,” ಎಂದು ಪಕ್ಕದ ಮನೆಯಾಕೆ ಹೇಳಿದರೆ ನನ್ನ ತಾಯಿ ಹಿಗ್ಗುತ್ತಿದ್ದಳು. ಸಾಧುವಂತೆ, ಅವರ ತಲೆ. ಒಳಗೆ ಸತ್ತಂತಾಗಿತ್ತು ನನಗೆ.

ದೊಡ್ಡಮ್ಮನ ಮಗುವಿನ ನಾಮಕರಣಕ್ಕೆ ಅಟ್ಟೂರಿಗೆ ಕರೆದುಕೊಂಡು ಹೋದರು. ಮಗುವನ್ನು ತೊಟ್ಟಿಲಿಗೆ ಹಾಕಿದ ದೊಡ್ಡಮ್ಮ ನನ್ನತ್ತ ತಿರುಗಿ ಎರಡೂ ಕೈ ಚಾಚಿದಳು. “ಬಾರವ್ವ ನನ್ ಕಂದ,” ಎಂದಳು. ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಹೋದರೆ ಮತ್ತೆ ಕಿತ್ತುಕೊಳ್ಳುತ್ತಾರೆ. ಕಂಬವನ್ನು ಅವುಚಿಕೊಂಡು ಮುಖ ತಿರುಗಿಸಿದೆ.

“ಆಗ್ಲೇ ಮರ್ತ್‌ಬುಟ್ಟವ್ಳೆ. ಮಕ್ಕಳಿಗೆ ಏನ್ ಗೊತ್ತಾಯ್ತದೆ, ಬುಡು,” ಎಂದಳು ಅಜ್ಜಿ. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಚಾಚಿದ ಕೈಗಳನ್ನು ನಿಧಾನಕ್ಕೆ ಇಳಿಸಿಕೊಂಡಳು. ಅವಳೂ ಅದನ್ನು ನಂಬಿಬಿಟ್ಟಳು.

ಅಲ್ಲಿಂದ ಮುಂದೆ, ಎಂಬತ್ತರ ದಶಕದಲ್ಲಿ ಹೈಸ್ಕೂಲು ಮುಗಿಸುವವರೆಗೂ, ನಾನು ಯಾರನ್ನೂ ಅಮ್ಮ ಎಂದು ಕೂಗಲಿಲ್ಲ. ಏನಾದರೂ ಬೇಕಾದರೆ ಹೆತ್ತವಳ ಎದುರಿಗೆ ಹೋಗಿ, ಅವಳು ತಲೆಯೆತ್ತಿ ನೋಡುವವರೆಗೆ ಸುಮ್ಮನೆ ನಿಂತಿರುತ್ತಿದ್ದೆ.